ಸೂಜಿಯ ಪ್ರಯೋಗ: ಕೌದಿಯ ಹೊಲಿಗೆಯಿಂದ ಬಿದರಿಯ ಬಳ್ಳಿಯವರೆಗೆ

ಕಲಬುರಗಿಯ ಯಾವ ಹೊಲಿಗೆ ತರಬೇತಿ ಕೇಂದ್ರಕ್ಕೆ ಹೋದರೂ ಮಾದರಿ ಪುಸ್ತಕವೊಂದು ನೋಡಲು ಸಿಗುತ್ತದೆ. ಪುಟಕ್ಕೊಂದು ಬಿಳಿ ಚೌಕ, ಚೌಕಕ್ಕೊಂದು ಹೊಲಿಗೆ, ಕೆಳಗೆ ಅದರ ಹೆಸರು. ಪುಸ್ತಕ ಚೊಕ್ಕಟವಾಗಿರುತ್ತದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಅದನ್ನು ಮಾಡಿದ ಹುಡುಗಿಗೆ ಕುಪ್ಪಸದ ತೋಳಿಗೆ ಹೊಸದೊಂದು ವಿನ್ಯಾಸ ಹಾಕು ಎಂದರೆ ಕೈ ಮೊಬೈಲಿನತ್ತ ಹೋಗುತ್ತದೆ. ಇಪ್ಪತ್ತು ಹೊಲಿಗೆ ಗೊತ್ತಿದ್ದೂ ಹೀಗಾಗಲು ಕಾರಣವಿದೆ. ಪ್ರತಿ ಹೊಲಿಗೆಯನ್ನೂ ಒಂದೇ ಬಟ್ಟೆ, ಒಂದೇ ದಾರ, ಒಂದೇ ಅಳತೆಯಲ್ಲಿ ಒಮ್ಮೆ ಹಾಕಿ ಮುಂದೆ ಹೋಗಿರುತ್ತಾರೆ. ಇಲ್ಲಿ ಹೇಳುವ ದಾರಿ ಅದಕ್ಕೆ ಉಲ್ಟಾ: ಹೊಲಿಗೆಗಳು ಕಡಿಮೆ, ಒಂದೊಂದರ ಮೇಲಿನ ಪ್ರಯೋಗ ಹೆಚ್ಚು. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ, ಏನಾಯಿತೆಂದು ಬರೆದಿಡಿ. ಈ ಶಿಸ್ತೊಂದಿದ್ದರೆ ಉಳಿದದ್ದೆಲ್ಲ ನಿಮ್ಮ ಇಷ್ಟ.

ಸಾಮಾನು ಕೂಡಿಸಿಕೊಳ್ಳುವುದು

ದುಬಾರಿ ಸಾಮಾನು ಬೇಡ. ಪರಿಚಯದ ದರ್ಜಿಯ ಅಂಗಡಿಯಲ್ಲಿ ದಿನವೂ ಗುಡಿಸಿ ಎಸೆಯುವ ತುಂಡುಬಟ್ಟೆ ಕೇಳಿ ತನ್ನಿ. ಹತ್ತಿ, ಜಾರ್ಜೆಟ್, ಖಣ, ವೆಲ್ವೆಟ್ ಎಲ್ಲವೂ ಅದರಲ್ಲಿರುತ್ತವೆ. ಇದಕ್ಕೆ ಎರಡು ಮೀಟರ್ ಕೋರಾ (ಬಿಳುಪು ಮಾಡದ ಹತ್ತಿ) ಬಟ್ಟೆ, ಒಂದು ಮೀಟರ್ ಹೊಳಪಿಲ್ಲದ ಕಪ್ಪು ಹತ್ತಿ ಬಟ್ಟೆ ಸೇರಿಸಿಕೊಳ್ಳಿ. ದಾರ, ಸೂಜಿ, ಚಮಕಿ, ಗೋಟಾ (ಜರಿಯ ಪಟ್ಟಿ) ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತವೆ. ಹೋಳಿಯ ನಂತರ ನಡೆಯುವ ಶರಣಬಸವೇಶ್ವರ ಜಾತ್ರೆಯಲ್ಲಿ ಮಣಿ, ಕವಡೆ, ಬಳೆ, ಪುಟ್ಟ ಕನ್ನಡಿಗಳನ್ನು ಹುಡುಕುವುದೇ ಒಂದು ಸುಖ. ಅಲ್ಲಿ ಕೊಂಡ ಅಗ್ಗದ ಮಣಿ ಬಣ್ಣ ಬಿಡುತ್ತದೆಯೇ ಎಂದು ಮಾತ್ರ ನೀರಿನಲ್ಲಿ ನೆನೆಸಿ ನೋಡಬೇಕು.

ಕಸೂತಿ ದಾರದ ಒಂದು ಲಡಿಯಲ್ಲಿ ಸಾಮಾನ್ಯವಾಗಿ 8 ಮೀಟರ್ ದಾರ ಇರುತ್ತದೆ, ದಾರದಲ್ಲಿ 6 ಎಳೆ. ಎಷ್ಟು ಎಳೆ ಬಳಸುತ್ತೀರಿ ಎಂಬುದೇ ನಿಮ್ಮ ಮೊದಲ ಪ್ರಯೋಗವಾಗಲಿ. ಸೂಜಿಯ ಲೆಕ್ಕ ತಿರುವುಮುರುವು, ನಂಬರ್ ಏರಿದಂತೆ ಸೂಜಿ ಸಣ್ಣದಾಗುತ್ತದೆ. ಎರಡೆಳೆಗೆ 9, ಮೂರೆಳೆಗೆ 7 ಅಥವಾ 8, ಆರೆಳೆಗೆ 4 ಅಥವಾ 5 ನಂಬರಿನ ಕಸೂತಿ ಸೂಜಿ ಹೊಂದುತ್ತದೆ. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಬೇಡಿ. ಬಟ್ಟೆಯೊಳಗೆ ಮತ್ತೆ ಮತ್ತೆ ಓಡಾಡಿದ ದಾರ ಸವೆಯುತ್ತದೆ, ಕೊನೆಯ ಹೊಲಿಗೆಗಳು ಮೊದಲಿನವುಗಳಿಗಿಂತ ಬಡವಾಗಿ ಕಾಣುತ್ತವೆ. ಜರಿ ದಾರಕ್ಕೆ ಅರ್ಧ ಮೊಳವೇ ಹೆಚ್ಚು.

ಬಟ್ಟೆ ಹದ ಮಾಡುವುದು

ಕೋರಾ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ ಹೊಲಿಗೆ ಸುಕ್ಕುಗಟ್ಟುತ್ತದೆ. ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒಗೆದು, ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಿ. ನಂತರ 10 ಅಂಗುಲದ ಚೌಕಗಳಾಗಿ ಕತ್ತರಿಸಿ. 6 ಅಂಗುಲದ ಗುಂಡು ಕಸೂತಿ ಫ್ರೇಮಿಗೆ ನಾಲ್ಕೂ ಕಡೆ ಹಿಡಿಯಲು ಅಷ್ಟು ಬೇಕೇ ಬೇಕು. ಫ್ರೇಮಿನ ಒಳಬಳೆಗೆ ಹತ್ತಿಯ ಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ. ಕೆಲಸ ನಿಲ್ಲಿಸಿದಾಗಲೆಲ್ಲ ಫ್ರೇಮ್ ಬಿಚ್ಚಿಡಿ, ಕಪ್ಪು ಬಟ್ಟೆಯ ಮೇಲೆ ಬಳೆಯ ಗುರುತು ಕೂತರೆ ಹೋಗುವುದು ಕಷ್ಟ. ವೆಲ್ವೆಟನ್ನು ಫ್ರೇಮಿಗೆ ಹಾಕಲೇಬಾರದು.

ಕೆಂಪು, ನೀಲಿ, ಕಪ್ಪು ದಾರಗಳನ್ನು ಬಳಸುವ ಮುಂಚೆ ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ಒಂದು ಗಂಟೆ ಬಿಡಿ. ಬಣ್ಣ ಇಳಿದರೆ ಆ ದಾರವನ್ನು ಒಗೆಯುವ ಬಟ್ಟೆಗೆ ಬಳಸಬೇಡಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಇಂದಿನ ದಾರಗಳ ವಿಷಯದಲ್ಲಿ ಆ ಉಪಾಯವನ್ನು ನಂಬಲಾಗದು.

ಮೊದಲ ಪ್ರಯೋಗ: ರನ್ನಿಂಗ್ ಹೊಲಿಗೆ ಮಾತ್ರ

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಿ ನಮ್ಮ ಕಡೆ ಕೌದಿ ಹೊಲಿಯುತ್ತಾರೆ. ಅದರಲ್ಲಿರುವುದು ಬಹುತೇಕ ಒಂದೇ ಹೊಲಿಗೆ. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನತ್ತ ಸಾಗುತ್ತಾರೆ. ಹೊಲಿದು ಮುಗಿದ ಕೌದಿಯ ಮೇಲೆ ಅಂಗೈ ಆಡಿಸಿದರೆ ಸಣ್ಣ ಅಲೆಗಳು ಸಿಗುತ್ತವೆ. ಆ ಅಲೆಯನ್ನು ಯಾರೂ ಬಿಡಿಸಿ ಇಟ್ಟಿದ್ದಲ್ಲ. ಪದರದ ದಪ್ಪ, ದಾರದ ಬಿಗಿ, ಸಾಲುಗಳ ನಡುವಿನ ಅಂತರ ಸೇರಿ ಅದು ತಾನಾಗಿ ಹುಟ್ಟುತ್ತದೆ. ವಿನ್ಯಾಸ ಕಲಿಯುವವರು ಮೊದಲು ಈ ಮೂರನ್ನೇ ಬೇರೆ ಬೇರೆಯಾಗಿ ನೋಡಬೇಕು.

ಒಂದು ಪದರದ ಕೋರಾ ಬಟ್ಟೆಯ ಮೇಲೆ ಮೂರೆಳೆ ದಾರದಲ್ಲಿ, 3 ಮಿಲಿಮೀಟರ್ ಹೊಲಿಗೆ 3 ಮಿಲಿಮೀಟರ್ ಖಾಲಿ ಎಂಬ ಲೆಕ್ಕದಲ್ಲಿ ಐದು ಸಾಲು ಹಾಕಿ. ಮುಂದಿನ ಐದು ಸಾಲಿನಲ್ಲಿ ಖಾಲಿ ಜಾಗವನ್ನು 1 ಮಿಲಿಮೀಟರಿಗೆ ಇಳಿಸಿ. ಅದರ ನಂತರ ಹೊಲಿಗೆಯ ಅಳತೆ ಹಾಗೇ ಇರಲಿ, ಸಾಲುಗಳ ನಡುವಿನ ಅಂತರವನ್ನು 6 ಮಿಲಿಮೀಟರಿನಿಂದ 2ಕ್ಕೆ ತನ್ನಿ. ಇದೇ ಮೂರು ಗುಂಪನ್ನು ಮೂರು ಪದರದ ಹಳೆಯ ಹತ್ತಿ ಸೀರೆಯ ಮೇಲೆ ಮತ್ತೊಮ್ಮೆ ಹಾಕಿ. ಎರಡನ್ನೂ ಕಿಟಕಿಯ ಹತ್ತಿರ ಓರೆ ಬೆಳಕಿನಲ್ಲಿ ಹಿಡಿದರೆ ಒಂದೇ ಪದರದ್ದು ಚಿತ್ರದಂತೆ ಚಪ್ಪಟೆಯಾಗಿ, ಮೂರು ಪದರದ್ದು ಉತ್ತ ಹೊಲದ ಸಾಲುಗಳಂತೆ ಉಬ್ಬಿ ಕಾಣುತ್ತದೆ. ಹಳೆಯ ಬಟ್ಟೆಯೇ ಏಕೆ? ಅದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಮೆತ್ತಗಾಗಿ ಸೂಜಿಗೆ ದಾರಿ ಕೊಡುತ್ತದೆ. ಹೊಸ ಬಟ್ಟೆಯ ಮೂರು ಪದರ ತೆಗೆದುಕೊಂಡರೆ ಬೆರಳು ನೋಯುತ್ತದೆ, ಅಲೆಯೂ ಅಷ್ಟು ಚೆನ್ನಾಗಿ ಬರುವುದಿಲ್ಲ.

ಈಗ ಅದೇ ಸಾಲುಗಳೊಳಗೆ ಇನ್ನೊಂದು ದಾರ ಪೋಣಿಸಿ. ಮೊಂಡು ತುದಿಯ ಸೂಜಿಯಿಂದ, ಬಟ್ಟೆಯನ್ನು ಚುಚ್ಚದೆ, ಹೊಲಿಗೆಗಳ ಕೆಳಗೆ ಮಾತ್ರ ತೂರಿಸಬೇಕು. ಒಂದೇ ದಿಕ್ಕಿನಲ್ಲಿ ಸುತ್ತಿದರೆ ಹಗ್ಗದಂತಾಗುತ್ತದೆ, ಮೇಲೆ ಕೆಳಗೆ ಹಾಯಿಸಿದರೆ ಅಲೆಯಾಗುತ್ತದೆ, ಎರಡು ಸಾಲುಗಳ ನಡುವೆ ಹಾಯಿಸಿದರೆ ಜಾಳಿಗೆಯಾಗುತ್ತದೆ. ಪೋಣಿಸಲು ಉಣ್ಣೆ, ಸಣ್ಣ ಗೋಟಾ, ಹರಿದ ಸೀರೆಯ ಅರ್ಧ ಅಂಗುಲದ ಪಟ್ಟಿ ಯಾವುದಾದರೂ ಆದೀತು. ನನ್ನ ಕಣ್ಣಿಗೆ ಹರಿದ ಸೀರೆಯ ಪಟ್ಟಿಯೇ ಎಲ್ಲಕ್ಕಿಂತ ಚಂದ. ಅದರ ಅಂಚಿನ ನೂಲುಗಳು ಹೊರಗೆ ಇಣುಕಿ ಸಾಲಿಗೆ ಜೀವ ಬರುತ್ತದೆ.

ಧಾರವಾಡದ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳೂ ರನ್ನಿಂಗ್ ಹೊಲಿಗೆಯ ಬಳಗವೇ. ಹೋಗುವಾಗ ಒಂದು ಸಾಲು, ಬರುವಾಗ ಖಾಲಿ ಬಿಟ್ಟ ಜಾಗ ತುಂಬುವುದು, ಗಂಟಿಲ್ಲ, ಎರಡೂ ಬದಿ ಒಂದೇ. ಹಿಂಬದಿ ಕಾಣುವ ದುಪಟ್ಟಾ, ಸೆರಗಿನ ಕೆಲಸಕ್ಕೆ ಇದನ್ನು ಕಲಿಯದೆ ಗತಿಯಿಲ್ಲ. ಎಳೆ ಎಣಿಸಲು ಬರದ ಬಟ್ಟೆಯಾದರೆ ಮೇಲೆ ಜಾಳು ಕ್ಯಾನ್ವಾಸ್ ಕಚ್ಚಾ ಹೊಲಿಗೆಯಿಂದ ಕೂಡಿಸಿ, ಅದರ ಚೌಕ ಎಣಿಸಿ ಹೊಲಿದು, ಕೊನೆಗೆ ಕ್ಯಾನ್ವಾಸಿನ ನೂಲುಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ.

ಕನ್ನಡಿ ಕೂಡಿಸುವುದು

ಕಲಬುರಗಿ, ಯಾದಗಿರಿ ಜಿಲ್ಲೆಗಳ ತಾಂಡಾಗಳಲ್ಲಿ ಹಿರಿಯ ಲಂಬಾಣಿ ಹೆಣ್ಣುಮಕ್ಕಳ ಕಾಂಚಳಿ (ಕುಪ್ಪಸ), ಫೇಟಿಯಾ (ಲಂಗ)ಗಳನ್ನು ಹತ್ತಿರದಿಂದ ನೋಡಿದವರಿಗೆ ಕನ್ನಡಿ ಏನೆಂದು ಹೇಳಬೇಕಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆ ಇದೆ. ಕಿಲನ್, ಮಾಕಿ, ರೇಲೋ, ನಾಕ್ರಾ ಎಂದು ಅವರ ಹೊಲಿಗೆಗಳಿಗೆ ಅವರದೇ ಹೆಸರುಗಳಿವೆ. ಅವರ ವಿನ್ಯಾಸವನ್ನು ಇದ್ದಂತೆ ಎತ್ತಿ ನಿಮ್ಮ ಹೆಸರಿನಲ್ಲಿ ಮಾರುವುದು ಕಳ್ಳತನ. ತಾಂಡಾದ ಅವ್ವಂದಿರ ಹತ್ತಿರ ಕಲಿತರೆ ಕಲಿಸಿದ್ದಕ್ಕೆ ಹಣ ಕೊಡಿ, ಕೆಲಸ ಮಾಡಿಸಿದರೆ ಅವರ ಹೆಸರು ಹೇಳಿ.

ಕನ್ನಡಿಗೆ ತೂತಿಲ್ಲ, ಅದನ್ನು ದಾರದ ಚೌಕಟ್ಟೇ ಹಿಡಿದು ನಿಲ್ಲಿಸಬೇಕು. ಒಂದೂವರೆ, ಎರಡು ಸೆಂಟಿಮೀಟರಿನ ಗಾಜಿನ ಕನ್ನಡಿ ತೆಗೆದುಕೊಳ್ಳಿ. ಅಂಚು ಚೂಪಾಗಿದ್ದರೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಇಲ್ಲದಿದ್ದರೆ ಅದು ದಾರವನ್ನು ಕುಯ್ಯುತ್ತಲೇ ಇರುತ್ತದೆ. ಜಾರದಂತೆ ಹಿಂದೆ ಅಂಟಿನ ಒಂದು ಚುಕ್ಕಿ ಸಾಕು. ಮೂರೆಳೆ ದಾರ ಪೋಣಿಸಿ, ಕನ್ನಡಿಯ ಅಂಚಿಗೆ ತಾಗಿದಂತೆ ಸೂಜಿ ಮೇಲೆತ್ತಿ, ಕನ್ನಡಿಯ ಮೇಲೆ ಎರಡು ದಾರ ಸಮಾನಾಂತರವಾಗಿ ಹಾಯಿಸಿ. ಅಂಚಿನಿಂದ ಮೂರನೇ ಒಂದು ಭಾಗ ಒಳಗಿರಬೇಕು. ನಂತರ ಅಡ್ಡಲಾಗಿ ಎರಡು, ಮೊದಲಿನ ದಾರಗಳನ್ನು ದಾಟುವ ಜಾಗದಲ್ಲಿ ಒಮ್ಮೆ ಸುತ್ತಿಕೊಂಡು ಹೋಗಬೇಕು. ಈಗ ಕನ್ನಡಿಯ ನಡುವೆ ಪುಟ್ಟ ಚೌಕವೊಂದು ಕಾಣುತ್ತದೆ. ಈ ಚೌಕಟ್ಟು ಬಿಗಿಯಾಗಿರಲಿ. ಮುಂದಿನ ಸುತ್ತು ಅದನ್ನು ಹೊರಗೆ ಎಳೆಯುತ್ತದೆ, ಮೊದಲೇ ಸಡಿಲವಾಗಿದ್ದರೆ ಅಂಚಿಗೆ ಸರಿದು ಕನ್ನಡಿ ಬಿದ್ದುಹೋಗುತ್ತದೆ.

ಮತ್ತೆ ಅಂಚಿನಲ್ಲಿ ಸೂಜಿ ಮೇಲೆತ್ತಿ, ಚೌಕಟ್ಟಿನ ಕೆಳಗೆ ತೂರಿಸಿ, ಕಾಜಾ ಹೊಲಿಗೆಯಂತೆ ಕುಣಿಕೆಯೊಳಗಿಂದ ಎಳೆಯಿರಿ. ಅಂಚಿನ ಬಟ್ಟೆಯಲ್ಲಿ ಒಂದು ಸಣ್ಣ ಹೊಲಿಗೆ, ಚೌಕಟ್ಟಿನಲ್ಲಿ ಒಂದು ಕುಣಿಕೆ, ಹೀಗೆ ಸುತ್ತು ಮುಗಿಯುವವರೆಗೆ. ಚೌಕ ನಿಧಾನವಾಗಿ ವೃತ್ತವಾಗುತ್ತದೆ.

ಪ್ರಯೋಗ ಶುರುವಾಗುವುದು ಇದು ಕೈಗೆ ಹತ್ತಿದ ಮೇಲೆ. ಚೌಕಟ್ಟು ಏನನ್ನು ಬೇಕಾದರೂ ಹಿಡಿಯುತ್ತದೆ: ಹಳೆಯ ನಾಣ್ಯ, ಗುಂಡಾಗಿ ಕತ್ತರಿಸಿದ ಎಕ್ಸ್‌ರೇ ಹಾಳೆ, ಬೇರೆ ಬಣ್ಣದ ಬಟ್ಟೆ ಹೊದಿಸಿದ ರಟ್ಟು. ನೀರು ತಾಗುವ ಬಟ್ಟೆಗೆ ರಟ್ಟು ಬೇಡ. ಚೌಕಟ್ಟಿಗೆ ನಾಲ್ಕರ ಬದಲು ಮೂರು ದಾರ ಹಾಕಿದರೆ ತ್ರಿಕೋನದ ಕಿಟಕಿ, ಆರು ಹಾಕಿದರೆ ನಕ್ಷತ್ರ. ತೊಗರಿಯ ನಾಡಿನವರಿಗೆ ತೊಗರಿ ಕಾಳನ್ನೇ ಕೂಡಿಸುವ ಆಸೆ ಬರಬಹುದು, ಬಣ್ಣವೂ ಒಪ್ಪುತ್ತದೆ. ಆದರೆ ಹುಳ ಬಿದ್ದ ಕುಪ್ಪಸವನ್ನು ಯಾರೂ ತೊಡುವುದಿಲ್ಲ.

ಬಿದರಿಯನ್ನು ಬಟ್ಟೆಗೆ ತರುವುದು

ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣದ ದ್ರಾವಣದಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿ ಕೆಲಸದ ಸೊಬಗಿನ ಅರ್ಧ ಪಾಲು ಬೆಳ್ಳಿಯದು, ಇನ್ನರ್ಧ ಹೊಳಪಿಲ್ಲದ ಆ ಕಪ್ಪಿನದು. ಬಟ್ಟೆಯಲ್ಲಿ ಇದನ್ನು ಮಾಡಹೊರಟವರು ಕಪ್ಪು ಸ್ಯಾಟಿನ್ ಆರಿಸಿಕೊಳ್ಳುತ್ತಾರೆ. ನೆಲವೂ ಹೊಳೆದು, ದಾರವೂ ಹೊಳೆದು, ಎರಡೂ ಕಾಣದಂತಾಗುತ್ತವೆ. ಕಪ್ಪು ಖಾದಿ ಅಥವಾ ಕೇಸ್‌ಮೆಂಟ್ ಎಂಬ ದಪ್ಪ ಹತ್ತಿ ಬಟ್ಟೆಯೇ ಸರಿ.

ಬಿದರಿಯಲ್ಲಿ ಬೆಳ್ಳಿ ಕೂರಿಸುವ ಬಗೆಗಳು ಹಲವು. ತಂತಿ ಕೂರಿಸುವುದು ತಾರಕಶಿ, ತಗಡು ಕೂರಿಸುವುದು ತಹನಿಶಾನ್, ಉಬ್ಬಿಸಿ ಮಾಡುವುದು ಜರ್‌ನಿಶಾನ್, ಬೆಳ್ಳಿಯ ನೆಲದಲ್ಲಿ ಕಪ್ಪು ಚಿತ್ತಾರ ಉಳಿಸುವುದು ಅಫ್ತಾಬಿ. ಒಂದೊಂದಕ್ಕೂ ಸೂಜಿಯಲ್ಲಿ ಒಂದು ಜೋಡಿ ಇದೆ.

ಮೊದಲು ಚಿತ್ತಾರವನ್ನು ಬಟರ್ ಪೇಪರಿನ ಮೇಲೆ ಬರೆಯಿರಿ. ಬಳ್ಳಿ, ಐದೆಸಳಿನ ಹೂ, ಎಲೆ ಸಾಕು, ಇಡೀ ಸುರಾಹಿಯ (ಉದ್ದ ಕತ್ತಿನ ಹೂಜಿ) ಕೆಲಸಕ್ಕೆ ಆಸೆಪಡಬೇಡಿ. ಗೆರೆಯುದ್ದಕ್ಕೂ 2 ಮಿಲಿಮೀಟರಿಗೊಂದು ತೂತು ಚುಚ್ಚಿ, ಹಾಳೆಯನ್ನು ಕಪ್ಪು ಬಟ್ಟೆಯ ಮೇಲೆ ಪಿನ್ನು ಮಾಡಿ, ಸೀಮೆಸುಣ್ಣದ ನಯವಾದ ಪುಡಿಯನ್ನು ಹತ್ತಿಯ ಉಂಡೆಯಿಂದ ತಟ್ಟಿ. ಹಾಳೆ ಎತ್ತಿದ ಕೂಡಲೇ ಚುಕ್ಕಿಗಳನ್ನು ಬಿಳಿ ಪೆನ್ಸಿಲಿನಿಂದ ಜೋಡಿಸಿ, ಪುಡಿ ಬೇಗ ಹಾರಿಹೋಗುತ್ತದೆ. ಜರ್ದೋಜಿ ಎಂಬ ಜರಿ ಕಸೂತಿಯ ಕುಶಲಕರ್ಮಿಗಳು ಪುಡಿಗೆ ಸೀಮೆಎಣ್ಣೆ ಬೆರೆಸಿ ಒರೆಸುತ್ತಾರೆ, ಆ ಗುರುತು ಹೆಚ್ಚು ಹೊತ್ತು ನಿಲ್ಲುತ್ತದೆ. ಬಟ್ಟೆಯ ಹಿಂದೆ ತೆಳು ಹತ್ತಿಯ ಅಸ್ತರು ಕೊಟ್ಟು ಎರಡನ್ನೂ ಒಟ್ಟಿಗೆ ಫ್ರೇಮಿಗೆ ಬಿಗಿಯಿರಿ.

ತಾರಕಶಿಯ ಜೋಡಿ ಕೌಚಿಂಗ್. ಬೆಳ್ಳಿ ಜರಿಯ ದಪ್ಪ ದಾರವನ್ನು ಗೆರೆಯ ಮೇಲೆ ಮಲಗಿಸಿ, ಬೂದು ಬಣ್ಣದ ಸಣ್ಣ ದಾರದಿಂದ ಅಡ್ಡಲಾಗಿ ಕಟ್ಟುತ್ತ ಹೋಗುವುದು. ನೇರ ಗೆರೆಯಲ್ಲಿ 4 ಮಿಲಿಮೀಟರಿಗೊಂದು ಕಟ್ಟು, ತಿರುವಿನಲ್ಲಿ 2ಕ್ಕೊಂದು, ಎಲೆಯ ತುದಿಯಂಥ ಚೂಪು ಜಾಗದಲ್ಲಿ ತುದಿಯ ಮೇಲೇ ಒಂದು ಕಟ್ಟು. ಜರಿಯ ಎರಡೂ ತುದಿಗಳನ್ನು 2 ಸೆಂಟಿಮೀಟರ್ ಹೆಚ್ಚು ಬಿಟ್ಟು, ದೊಡ್ಡ ಕಣ್ಣಿನ ಸೂಜಿಯಿಂದ ಹಿಂದಕ್ಕೆ ಎಳೆದು ಅಸ್ತರಿಗೆ ಹೊಲಿದುಬಿಡಿ. ಮೇಲೆಯೇ ಕತ್ತರಿಸಿದರೆ ನಾಳೆಯೇ ಬಿಚ್ಚಿಕೊಳ್ಳುತ್ತದೆ. ಈಗ ಒಂದೊಂದನ್ನೇ ಬದಲಿಸಿ: ಕಟ್ಟುವ ದಾರ ಬೂದಿನ ಬದಲು ಕೆಂಪಾದರೆ? ಒಂದು ಜರಿಯ ಬದಲು ಎರಡು ಒತ್ತಿಕೊಂಡು ಹೋದರೆ? ಕಟ್ಟುಗಳನ್ನು ಇಟ್ಟಿಗೆ ಜೋಡಿಸಿದಂತೆ ಸಾಲು ಬಿಟ್ಟು ಸಾಲು ಸರಿಸಿದರೆ? ಕೊನೆಯದರಲ್ಲಿ ಇಡೀ ಎಲೆಯನ್ನೇ ತುಂಬಬಹುದು. ಈ ಚೌಕಕ್ಕೆ ಸಮಯ ಕೊಡಿ, ಬೇರೆ ಯಾವುದಕ್ಕಿಂತ ಹೆಚ್ಚು ಕಲಿಸುತ್ತದೆ.

ತಗಡಿನ ಕೆಲಸಕ್ಕೆ ಬೆಳ್ಳಿಯ ಟಿಶ್ಯೂ ಬಟ್ಟೆ, ಅಂದರೆ ಜರಿ ಸೇರಿಸಿ ನೇಯ್ದ ತೆಳು ಬಟ್ಟೆ. ಅದರ ಅಂಚು ಕೈಯಿಟ್ಟರೆ ನೂಲು ಬಿಡುತ್ತದೆ, ಆದ್ದರಿಂದ ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಅಂಟಿಸಿ ನಂತರ ಎಸಳು ಕತ್ತರಿಸಿ. ಸಣ್ಣ ಹೊಲಿಗೆಯಿಂದ ಕೂಡಿಸಿ ಅಂಚಿನ ಮೇಲೆ ಜರಿಯ ಕೌಚಿಂಗ್ ಓಡಿಸಿದರೆ ನೂಲು ಮುಚ್ಚಿಹೋಗುತ್ತದೆ. ಉಬ್ಬು ಕೆಲಸಕ್ಕೆ ಎಸಳಿನೊಳಗೆ ಹತ್ತಿ ದಾರವನ್ನು ಎರಡು ಮೂರು ಪದರ ಹೊಲಿದು ದಿಣ್ಣೆ ಮಾಡಿ, ಮೇಲೆ ದಬ್ಕಾವನ್ನು (ಸ್ಪ್ರಿಂಗಿನಂತೆ ಸುತ್ತಿದ ಸಣ್ಣ ಲೋಹದ ತಂತಿ) ಅಳತೆಗೆ ಕತ್ತರಿಸಿ ಮಣಿಯಂತೆ ಪೋಣಿಸಿ ಹಾಸಿ. ಅಫ್ತಾಬಿಗೆ ಟಿಶ್ಯೂವನ್ನು ಇಡೀ ಕಪ್ಪು ಬಟ್ಟೆಯ ಮೇಲೆ ಹಾಸಿ, ಚಿತ್ತಾರದ ಒಳಭಾಗವನ್ನು ಕತ್ತರಿಸಿ ತೆಗೆಯಬೇಕು. ಕಪ್ಪು ಹೂ ಒಳಗಿನಿಂದ ಕಾಣಿಸಿಕೊಳ್ಳುತ್ತದೆ. ಕತ್ತರಿ ಒಂದು ಕೂದಲೆಳೆ ತಪ್ಪಿದರೂ ಕೆಳಗಿನ ಬಟ್ಟೆ ಹೋಗುತ್ತದೆ, ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಬೀದರ್‌ಗೆ ಹೋದಾಗ ಕೋಟೆಯ ರಂಗೀನ್ ಮಹಲನ್ನೂ ನೋಡಿ ಬನ್ನಿ. ಬರೀದ್ ಶಾಹಿಗಳ ಕಾಲದಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಅಲ್ಲಿದೆ. ಹಳೆಯ ಅಂಗಿಗಳ ಚಿಪ್ಪಿನ ಗುಂಡಿಗಳನ್ನು ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಹಚ್ಚಿದರೆ ಅದೇ ಮಂದ ಹೊಳಪು ಸಿಗುತ್ತದೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಉಳಿದ ಹೆಂಚುಗಳ ನೀಲಿ, ಬಿಳಿ, ಹಳದಿ ಬಣ್ಣಗಳು ತುಂಡುಬಟ್ಟೆ ಜೋಡಣೆಗೆ ಸಿದ್ಧ ಪಟ್ಟಿ. ಕಲಬುರಗಿ ಕೋಟೆಯ ಜಾಮಿ ಮಸೀದಿಯ ಒಳಗೆ ಒಂದರ ಹಿಂದೊಂದು ಕಾಣುವ ಕಮಾನುಗಳು ಸೀರೆಯ ಅಂಚಿಗೆ ಹೇಳಿಮಾಡಿಸಿದಂತಿವೆ. ಫೋಟೊ ತೆಗೆಯುವುದಕ್ಕಿಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಬರೆಯುವಾಗಲೇ ಯಾವ ಗೆರೆ ಬಿಡಬಹುದೆಂದು ತಿಳಿಯುತ್ತದೆ.

ಮಣಿ, ಚಮಕಿ, ಕವಡೆ

ಇಲ್ಲಿ ನಿಯಮಗಳು ಕಡಿಮೆ. ಎರಡೆಳೆ ಪಾಲಿಯೆಸ್ಟರ್ ದಾರ ಬಳಸಿ. ಮೂರು ಮಣಿ ಪೋಣಿಸಿ ಬಟ್ಟೆಗೆ ಇಳಿದ ಮೇಲೆ, ಹಿಂದಕ್ಕೆ ಬಂದು ಕೊನೆಯ ಮಣಿಯೊಳಗೆ ಮತ್ತೊಮ್ಮೆ ಹಾಯಿರಿ. ಎರಡು ಅಂಗುಲಕ್ಕೊಮ್ಮೆ ಹಿಂದೆ ಗಂಟು ಹಾಕಿದರೆ ಒಂದು ಕಡೆ ದಾರ ಹರಿದರೂ ಇಡೀ ಸಾಲು ಉದುರುವುದಿಲ್ಲ. ಜಾರ್ಜೆಟ್, ಶಿಫಾನ್ ಮೇಲೆ ಭಾರ ಹಾಕುವ ಮುಂಚೆ ಹಿಂದೆ ಆರ್ಗಂಜಾ ಕೊಡಿ. ಕವಡೆಯ ಬೆನ್ನನ್ನು ಕಲ್ಲಿಗೆ ಉಜ್ಜಿದರೆ ಹೊಲಿಯಲು ತೂತು ಸಿಗುತ್ತದೆ. ಮದುವೆ ಕುಪ್ಪಸಗಳ ಆರಿ ಕೆಲಸವನ್ನು ಮಾತ್ರ ವಿಡಿಯೊ ನೋಡಿ ಕಲಿಯಲು ಹೋಗಬೇಡಿ. ಕೊಕ್ಕೆ ಸೂಜಿಯನ್ನು ತಿರುಗಿಸುವ ಹದ ಪಕ್ಕದಲ್ಲಿ ಕೂತು ನೋಡಿದರೇ ಬರುವಂಥದ್ದು.

ಮನೆಯ ಹೊಲಿಗೆ ಯಂತ್ರದಿಂದ

ಕಪ್ಪು ಬಣ್ಣದ ಹಳೆಯ ಯಂತ್ರವಿದ್ದರೆ ಅದೃಷ್ಟ. ಸೂಜಿಯ ಕಣ್ಣಿನಲ್ಲಿ ಹೋಗದ ದಪ್ಪ ದಾರವನ್ನು ಬಾಬಿನ್‌ಗೆ (ಕೆಳದಾರದ ಪುಟ್ಟ ಉರುಳೆ) ಕೈಯಿಂದಲೇ ಸುತ್ತಿ. ಇದಕ್ಕೆಂದೇ ಇನ್ನೊಂದು ಬಾಬಿನ್ ಕೇಸ್ ಕೊಂಡು, ಅದರ ತಿರುಪನ್ನು ದಾರ ಸರಾಗ ಇಳಿಯುವಷ್ಟು ಸಡಿಲಿಸಿ. ಬಟ್ಟೆಯನ್ನು ಮಗುಚಿ, ಚಿತ್ತಾರವನ್ನು ಹಿಂಬದಿಗೆ ಬರೆದು ಹೊಲಿದರೆ ಕೆಳಗಿನ ದಪ್ಪ ದಾರ ಮುಂಬದಿಯಲ್ಲಿ ಕೌಚಿಂಗ್ ಮಾಡಿದಂತೆ ಕೂರುತ್ತದೆ. ಗಂಟೆಗಟ್ಟಲೆಯ ಕೆಲಸ ನಿಮಿಷಗಳಿಗೆ ಇಳಿಯುತ್ತದೆ, ಆದರೆ ತಿರುವುಗಳಲ್ಲಿ ಕೈಕೆಲಸದ ನಯ ಇರುವುದಿಲ್ಲ. ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದ ತೆಗೆದು, ಹೊಲಿಗೆಯ ಉದ್ದ ಸೊನ್ನೆಗೆ ಇಟ್ಟು, ಫ್ರೇಮನ್ನು ಕೈಯಿಂದ ಓಡಿಸಿದರೆ ಸೂಜಿಯಿಂದ ಚಿತ್ರವನ್ನೇ ಬರೆಯಬಹುದು. ಪಾದ ಇಲ್ಲದಿದ್ದರೂ ಅದರ ಹಿಡಿಕೆ ಇಳಿದಿರಲಿ, ಇಲ್ಲದಿದ್ದರೆ ದಾರಕ್ಕೆ ಬಿಗಿ ಸಿಗುವುದಿಲ್ಲ. ಬೆರಳುಗಳು ಫ್ರೇಮಿನ ಅಂಚಿನಿಂದ ಒಳಗೆ ಹೋಗಕೂಡದು.

ಪರೀಕ್ಷೆ ಮತ್ತು ಲೆಕ್ಕ

ಮುಗಿದ ಪ್ರತಿ ಚೌಕದ ಜೊತೆ ಒಂದು ಚೀಟಿ ಇರಲಿ: ಬಟ್ಟೆ, ದಾರ, ಎಳೆ, ಸೂಜಿಯ ನಂಬರ್, ಅಂತರ, ತೆಗೆದುಕೊಂಡ ಸಮಯ. ಇಷ್ಟವಾದ ಚೌಕವನ್ನು ಇನ್ನೊಮ್ಮೆ ಮಾಡಿ, ಆ ಎರಡನೆಯದನ್ನು ಹಿಂಸಿಸಿ. ನಿಮ್ಮ ಮನೆಯ ಬೋರ್‌ವೆಲ್ ನೀರಿನಲ್ಲೇ ಐದು ಸಲ ಒಗೆಯಿರಿ. ಗಡಸು ನೀರು ಸಾಬೂನಿನ ಜೊತೆ ಸೇರಿ ಬಿಳಿ ಪದರ ಕೂರಿಸುತ್ತದೆ, ಕಪ್ಪು ಬಟ್ಟೆಯಲ್ಲಿ ಅದು ಮೊದಲು ಕಾಣುತ್ತದೆ. ದಾರಗಳನ್ನು ರಟ್ಟಿಗೆ ಸುತ್ತಿ, ಅರ್ಧ ಮುಚ್ಚಿ, ಎರಡು ವಾರ ಮಾಳಿಗೆಯ ಮೇಲೆ ಇಡಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯ ಬಿಸಿಲನ್ನು ತಡೆದ ಬಣ್ಣವನ್ನು ಕಣ್ಣುಮುಚ್ಚಿ ಬಳಸಬಹುದು. ಪಾಲಿಯೆಸ್ಟರ್ ಜರಿ ಕಪ್ಪಾಗುವುದಿಲ್ಲ, ಆದರೆ ಬಿಸಿ ಇಸ್ತ್ರಿಗೆ ಕರಗುತ್ತದೆ. ತಾಮ್ರದ ಜರಿ ಇಸ್ತ್ರಿ ತಡೆಯುತ್ತದೆ, ಬೆವರಿಗೆ ಕಪ್ಪಾಗುತ್ತದೆ. ಬಗಲಿನ ಹತ್ತಿರ ಎರಡೂ ಬೇಡ.

ಸಮಯ ಬರೆದಿಟ್ಟರೆ ದರ ಹೇಳಲು ಬರುತ್ತದೆ. 2 ಅಂಗುಲದ ಚೌಕಕ್ಕೆ 40 ನಿಮಿಷ ಹಿಡಿದಿದ್ದರೆ, 2 ಅಂಗುಲ ಅಗಲ 44 ಅಂಗುಲ ಉದ್ದದ ಅಂಚಿನಲ್ಲಿ ಅಂಥ 22 ಚೌಕ, ಅಂದರೆ 880 ನಿಮಿಷ, ಹದಿನಾಲ್ಕೂವರೆ ಗಂಟೆಗಿಂತ ಹೆಚ್ಚು. ಗಿರಾಕಿಗೆ ಹೂಂ ಎನ್ನುವ ಮುಂಚೆ ಈ ಲೆಕ್ಕ ಹಾಕಿ. ಬೆಲೆ ಹೊಂದದಿದ್ದರೆ ಕೆಲಸವನ್ನು ಇಡೀ ಅಂಚಿಗೆ ತೆಳುವಾಗಿ ಹರಡುವುದಕ್ಕಿಂತ ತೋಳಿನಲ್ಲೋ ಬೆನ್ನಿನಲ್ಲೋ ಒಂದೇ ಕಡೆ ದಟ್ಟವಾಗಿ ಮಾಡಿ.

ಉಡುಪಿಗೆ ಹಾಕುವಾಗ ಬಟ್ಟೆ ಕತ್ತರಿಸುವ ಮುಂಚೆಯೇ ಕಸೂತಿ ಮುಗಿಯಬೇಕು. ತುಂಡಿನ ಆಕಾರ ಬರೆದು, ಒಳಗೆ ಒಂದೂವರೆ ಸೆಂಟಿಮೀಟರ್ ಖಾಲಿ ಬಿಡಿ. ಜೋಡಿಸುವ ಹೊಲಿಗೆಯ ಮೇಲೆ ಮಣಿ ಬಂದರೆ ಯಂತ್ರದ ಸೂಜಿ ಮುರಿಯುತ್ತದೆ. ಕಸೂತಿ ಮುಗಿದ ಮೇಲೆ ಅಳತೆ ಮತ್ತೆ ನೋಡಿ, ದಟ್ಟ ಕೆಲಸ ಬಟ್ಟೆಯನ್ನು ಎಳೆದುಕೊಂಡಿರುತ್ತದೆ. ಇಸ್ತ್ರಿ ಮಾಡಬೇಕಾದರೆ ದಪ್ಪ ಟವೆಲಿನ ಮೇಲೆ ಮಗುಚಿ ಹಾಕಿ ಹಿಂಬದಿಯಿಂದ ಒತ್ತಿ. ಜರಿಯ ತುಂಡುಗಳನ್ನು ಮಡಚದೆ, ಒಗೆದ ಹಳೆಯ ಹತ್ತಿ ಬಟ್ಟೆಯಲ್ಲಿ ಸುರುಳಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆಯೂ ಜರಿಗೆ ತಾಗದಿರಲಿ.